ಅಚ್ಚು ಜಾರಿದ ಒಂದು ರೂಪಾಯಿ

ನಮ್ಮಣ್ಣನಿಗೆ ದುಡ್ಡಿನಾಸೆ ಇಲ್ಲ ಎಂದು ಹರೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಐನೂರರ ನೋಟು ಕೆಳಗೆ ಬಿದ್ದಿದ್ದರೆ ದಾಟಿಕೊಂಡು ಹೋಗುತ್ತಾನೆ. ಆದರೆ ಯಾವುದೋ ನಾಣ್ಯದಲ್ಲಿ ಸಿಂಹದ ಮೂಗು ಕೊಂಚ ಸೊಟ್ಟಗಿದೆ ಎನ್ನಿ, ಉಂಡ ಕೈ ತೊಳೆಯದೆ ಓಡಿಬರುತ್ತಾನೆ! ನೆಟ್ಟಗೆ ಅಚ್ಚಾದ ದುಡ್ಡು ಅವನಿಗೆ ಬೇಡ. ಟಂಕಸಾಲೆಯಲ್ಲಿ ಯಂತ್ರ ತಪ್ಪಿ, ಅಚ್ಚು ಜಾರಿ, ಅಂಚು ಕೆಟ್ಟು ಹೊರಬಂದ ದುಡ್ಡೇ ಬೇಕು. ಇಂಥವನಿಗೆ ತಂಗಿಯಾಗಿ, ಅದರ ಮೇಲೆ ಹುಟ್ಟಾ ಚಿಂತೆಗಾತಿಯೂ ಆದ ನನ್ನ ಗತಿ ಏನಾಗಿರಬೇಕು, ನೀವೇ ಹೇಳಿ.

ಒಮ್ಮೆ ಸೇಲಂ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಟ್ಟ. ಅಣ್ಣ ಜೇಬಿನಿಂದ ಭೂತಗನ್ನಡಿ ತೆಗೆದು, ಇಸವಿಯ ಕೆಳಗೆ ಚುಕ್ಕೆಯಿದೆಯೋ ನಕ್ಷತ್ರವಿದೆಯೋ ನೋಡಿ, ಯಾವ ಟಂಕಸಾಲೆಯದು ಎಂದು ಒಂದೊಂದಕ್ಕೂ ಗೊಣಗಿಕೊಂಡ. ಆಮೇಲೆ ಗಂಭೀರವಾಗಿ ತಲೆಯೆತ್ತಿ, “ಸಾರ್, ಬ್ಯಾಗ್ ಕೊಂಚಂ ಕಾಟ್ಟುಂಗ” ಎಂದು ತಮಿಳಿನಲ್ಲಿ ಬ್ಯಾಗ್ ತೋರಿಸಲು ಹೇಳಿದ. ಕಂಡಕ್ಟರನ ಮುಖ ಬಿಳಿಚಿಕೊಂಡಿತು. ಇವನು ತಪಾಸಣೆಗೆ ಬಂದ ಅಧಿಕಾರಿ ಎಂದುಕೊಂಡು ಬ್ಯಾಗ್ ಬಿಚ್ಚಿಟ್ಟಿದ್ದಲ್ಲದೆ ತನ್ನ ಸೀಟನ್ನೂ ಬಿಟ್ಟುಕೊಟ್ಟ! ಅಣ್ಣ ಸೇಲಂವರೆಗೂ ಚಿಲ್ಲರೆ ಕೆದಕುತ್ತ ಆರಾಮವಾಗಿ ಕೂತ. ನಾನು ಪಕ್ಕದಲ್ಲಿ ನಿಂತು, ಅಧಿಕಾರಿಯ ವೇಷ ಹಾಕಿದವನಿಗೆ ಎಷ್ಟು ವರ್ಷ ಜೈಲು, ತಂಗಿಗೂ ಅದರಲ್ಲಿ ಪಾಲು ಬರುತ್ತದೆಯೇ ಎಂದು ಬೆವರುತ್ತಿದ್ದೆ.

ಮೊಬೈಲಿನಲ್ಲಿ ಯಾರೋ ಹಳೇ ನಾಣ್ಯಕ್ಕೆ ಲಕ್ಷ ಎಂದಿದ್ದೇ ತಡ, ಏರ್ಕಾಡಿನ ಕಾಫಿ ತೋಟದಿಂದಲೂ ಜನ ಅಣ್ಣನನ್ನು ಹುಡುಕಿ ಬರತೊಡಗಿದರು. ಗಂಡನ ಜೊತೆ ಬಂದ ಒಬ್ಬಾಕೆ ಸೆರಗಿನ ಗಂಟಿನಿಂದ ಎರಡು ರೂಪಾಯಿ ಬಿಚ್ಚಿದಳು. ಅದರ ಅಂಚು ಜಜ್ಜಿಹೋಗಿತ್ತು.

“ಅಣ್ಣೋ, ಇದು ಎರರ್ ಕಾಯಿನ್ನಾ?”

ಅಣ್ಣ ಹಿಂದೆ ಮುಂದೆ ತಿರುಗಿಸಿದ. “ತಪ್ಪೇನೋ ಐತೆ ಕಣಮ್ಮ. ಟಂಕಸಾಲೇಲಿ ಆಗಿದ್ದಲ್ಲ ಅಷ್ಟೆ. ನೋಡಿಲ್ಲಿ, ಲೋಹ ಮಡಚ್ಕಂಡೈತೆ, ಗೀರು ಒಸದು. ಇದು ಉಟ್ಟಿದಾಗ ಚೆನ್ನಾಗೇ ಇತ್ತು. ಆಮೇಲೆ ಯಾರೋ ಸುತ್ತಿಗೇಲಿ ಒಡ್ದವ್ರೆ.”

ಆಕೆ ಮೆಲ್ಲಗೆ ಗಂಡನ ಕಡೆ ತಿರುಗಿದಳು. ಆತ ಆಗಲೇ ಅಂಗಳ ದಾಟಿದ್ದ!

ಇದೆಲ್ಲ ಹೋಗಲಿ, ನನ್ನ ಮಗಳ ನಿಶ್ಚಿತಾರ್ಥದಲ್ಲಿ ನಡೆದದ್ದು ಕೇಳಿ. ಹುಡುಗ ಕಂಬೈನಲ್ಲೂರಿನವನು, ಮಗಳೇ ಮೆಚ್ಚಿದವನು. ನಮ್ಮಲ್ಲಿ ಗಂಡಿನ ಕಡೆಯವರು ವೀಳ್ಯದ ತಟ್ಟೆಯಲ್ಲಿ ಒಂದು ರೂಪಾಯಿ ಇಟ್ಟು ಕೊಡುತ್ತಾರೆ. ಹೆಣ್ಣಿನ ಸೋದರಮಾವ ಅದನ್ನು ಎತ್ತಿ ಅವಳ ಸೆರಗಿಗೆ ಹಾಕಿದರೆ ಮಾತು ಗಟ್ಟಿ. ಆ ರೂಪಾಯಿಯನ್ನು ಬದಲಾಯಿಸುವಂತಿಲ್ಲ. ವಾಪಸಾದರೆ ಸಂಬಂಧ ಬೇಡವೆಂದೇ ಅರ್ಥ. ಇದೆಲ್ಲ ನೆನೆದು ಬೆಳಗ್ಗೆಯೇ ಅಣ್ಣನ ಭೂತಗನ್ನಡಿ ಕಿತ್ತು ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೆ. ಏನು ಬಂತು! ಬರಿಗಣ್ಣೇ ಸಾಕಾಯಿತು.

ತಟ್ಟೆ ಕೈಗೆ ಬಂದದ್ದೇ ಅಣ್ಣ ಗರಬಡಿದವನಂತೆ ನಿಂತ. ಆ ರೂಪಾಯಿಯಲ್ಲಿ ಅಚ್ಚು ಆಚೆಗೆ ಜಾರಿ ಒಂದು ಬದಿ ಪೂರಾ ಬೋಳು. ತಿರುಗಿಸಿದರೆ ಹಿಂದೆಯೂ ಅದೇ ಜಾಗ ಬೋಳು!

“ಅಸಲಿ, ಎರಡು ಕಡೇನೂ ಒಂದೇ ಜಾಗ ಬೋಳು ಅಂದ್ರೆ ಟಂಕಸಾಲೇದೇ ತಪ್ಪು” ಎಂದ. “ಬೀಗ್ರೇ, ನಿಮ್ಗೆ ಗೊತ್ತಿಲ್ದೆ ಕೊಡ್ತಾ ಇದೀರ. ಇದಕ್ಕೆ ಸಾವ್ರಾರು ರೂಪಾಯಿ ಬತ್ತದೆ. ಸುಮ್ನೆ ಈಸ್ಕಂಡ್ರೆ ಮೋಸ ಆಯ್ತದೆ.”

ಇವನ ಸತ್ಯವನ್ನು ಯಾರು ಕೇಳಿದ್ದರು!

“ಅಡೇಯಪ್ಪಾ!” ಎಂದು ಹುಡುಗನ ಚಿಕ್ಕಪ್ಪ ತಟ್ಟೆಗೆ ಕೈ ಹಾಕಿದ. “ಅಂಗಾದ್ರೆ ಕೊಡಿ, ಬ್ಯಾರೆ ರೂಪಾಯಿ ಇಕ್ತೀವಿ.”

“ವಾಪಸ್ ತಗಂಡ್ರೆ ಸಂಬಂದ ಮುರ್ದಂಗೆ ಕಣ್ಲಾ!” ಎಂದು ಹುಡುಗನ ಅಜ್ಜಿ ಕಿರುಚಿದರು.

ಮನೆಯಲ್ಲಿ ಬಾಯೇ ಬಿಡದ ನನ್ನ ಗಂಡನಿಗೆ ಅಂದೇ ಪೌರುಷ ಬರಬೇಕೆ? “ತಟ್ಟೆ ನಮ್ ಕೈಗೆ ಬಂದಾಯ್ತು. ಈಗ ಅದು ನಮ್ದು!”

“ನಿಮ್ದೆಂಗಾಯ್ತು? ಉಡ್ಗಿ ಸೆರಗಿಗೆ ಇನ್ನೂ ಬಿದ್ದಿಲ್ವಲ್ಲ!” ಎಂದ ಚಿಕ್ಕಪ್ಪ.

ಐದೇ ನಿಮಿಷದಲ್ಲಿ ಎರಡು ಕುಟುಂಬಗಳು ಒಂದು ರೂಪಾಯಿಗೆ ತೋಳೇರಿಸಿ ನಿಂತವು. ಗಂಡಿನ ಕಡೆಯವರು ಚಪ್ಪಲಿ ಹುಡುಕತೊಡಗಿದರು. ಹುಡುಗ ತಲೆ ತಗ್ಗಿಸಿದ್ದ. ಮಗಳು ಬಿಕ್ಕುತ್ತಿದ್ದಳು. ನಾನೋ, ಐವತ್ತು ಜನಕ್ಕೆ ಬೆಂದ ಅನ್ನವನ್ನು ಯಾರು ಉಣ್ಣುವುದು ಎಂದು ಕಂಬ ಹಿಡಿದುಕೊಂಡಿದ್ದೆ.

ಅಣ್ಣ ನನ್ನ ಮಗಳ ಮುಖ ನೋಡಿದ. ಅಂಗೈಯಲ್ಲಿದ್ದ ನಾಣ್ಯ ನೋಡಿದ. ಮೂವತ್ತು ವರ್ಷ ಊರೂರಿನ ಚಿಲ್ಲರೆ ಕೆದಕಿದರೂ ಇಂಥದೊಂದು ಅವನಿಗೆ ಸಿಕ್ಕಿರಲಿಲ್ಲ. ನೇರ ಬಾಗಿಲಿಗೆ ಹೋಗಿ, ಕಲ್ಲಿನ ಮೆಟ್ಟಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನಾಣ್ಯವನ್ನು ಕಲ್ಲಿಗೊತ್ತಿ ಕರಕರ ಉಜ್ಜತೊಡಗಿದ. ಒಂದು ಮುಖ ಆಯಿತು. ತಿರುಗಿಸಿ ಇನ್ನೊಂದು ಮುಖವನ್ನೂ ಉಜ್ಜಿದ. ಒಳಗಿನ ಗಲಾಟೆ ತಾನಾಗಿ ನಿಂತಿತು. ಸರ್ಕಾರದ ನಾಣ್ಯ ಉಜ್ಜಿದರೆ ಕೇಸಾಗುತ್ತದೆಯೇ ಎಂದು ಹೆದರುವುದು ಕೂಡ ನನಗೆ ಮರೆತುಹೋಯಿತು.

“ಇಷ್ಟ್ ಗೀರು ಬಿದ್ಮೇಲೆ ಯಾರೂ ಕೇಳಕಿಲ್ಲ” ಎನ್ನುತ್ತ ಒಳಗೆ ಬಂದ. “ಈಗ ಇದು ಬರೀ ಒಂದ್ರೂಪಾಯಿ. ಬಾ ಮಗ, ಸೆರಗೊಡ್ಡು.”

ಮಗಳು ಸೆರಗೊಡ್ಡಿದಳು. ಅಣ್ಣ ನಾಣ್ಯವನ್ನು ಅದರಲ್ಲಿಟ್ಟ. ಇಟ್ಟ ಮೇಲೂ ಅವನ ಹೆಬ್ಬೆರಳು ಆ ಬೋಳು ಬದಿಯನ್ನು ಸವರುತ್ತಲೇ ಇತ್ತು. ಬೇಗ ಮುಗಿಸು ಎಂದು ಎರಡು ಕಡೆಯವರಲ್ಲಿ ಒಬ್ಬರೂ ಹೇಳಲಿಲ್ಲ.