ಬಟ್ಟೆ ಒಗೆಯುವ ದಿನ ಓಡಿದ ಇಂಜಿನ್

ಇಂಜಿನ್ನಿನ ಹೊಟ್ಟೆಯೊಳಗಿನ ವಿಷಯ ಬಲ್ಲವರು ಕ್ಷಮಿಸಬೇಕು. ಅವರು ಹೇಳಬೇಕಾದ ಕತೆಯನ್ನು ಅರೆಬರೆ ತಿಳಿದವರ ಬಾಯಲ್ಲಿ ಕೇಳುವಂತಾಗಿದೆ.

ಪೆಟ್ರೋಲು ಔಷಧಿ ಅಂಗಡಿಯಲ್ಲಿ ಸೀಸೆಯಲ್ಲಿ ಸಿಗುತ್ತಿದ್ದ ಕಾಲ. ಜರ್ಮನಿಯ ನೆಕ್ಕಾರ್ ನದಿ ದಂಡೆಯ ಪುಟ್ಟ ಪೇಟೆಯೊಂದರಲ್ಲಿ ಬೀಗ ಮಾಡುವ ಆಲ್ಬಾನ್ ಕ್ನಾಪ್, ತಾನು ಬಾಡಿಗೆಗಿದ್ದ ಮನೆಯ ಹಿತ್ತಲಲ್ಲಿ ಇಂಜಿನ್ ಕಟ್ಟಿದ್ದ. ಅದು ಕೆಮ್ಮುತ್ತಿತ್ತು, ನಾರುತ್ತಿತ್ತು, ಸ್ವಲ್ಪ ಹೊತ್ತಿಗೆಲ್ಲ ತನ್ನನ್ನು ತಂಪಾಗಿಡುವ ತೊಟ್ಟಿಯ ನೀರನ್ನು ಕುದಿಸಿ ಆವಿ ಮಾಡಿ, ಹಬ್ಬಕ್ಕೆ ಕರೆಯದ ಅಳಿಯನಂತೆ ಕಾವು ಏರಿ ಮುನಿದು ನಿಂತುಬಿಡುತ್ತಿತ್ತು.

"ಸಾಕಾಯ್ತು ಮೇಸ್ತ್ರಿ," ಎಂದಳು ಮನೆಯೊಡತಿ ಪೌಲೀನ. "ಸಂಜೆಯೊಳಗೆ ಆ ಪಿಶಾಚಿ ಹೋಗ್ಬೇಕು. ಇಲ್ಲಾಂದ್ರೆ ನೀವು ಮನೆ ಖಾಲಿ ಮಾಡಿ."

"ಹೋಗುತ್ತೆ ಅಮ್ಮಾ! ಮಧ್ಯಾಹ್ನ ಮೋಟಾರು ಕಾರ್ಖಾನೆ ಯಜಮಾನ್ರು ಬರ್ತಾರೆ. ಸಂಜೆವರೆಗೂ ನಿಲ್ಲದೆ ಓಡಿದ್ರೆ ಕೊಂಡ್ಕೋತಾರೆ."

ಯಜಮಾನರು ಬಂದರು, ಕುರ್ಚಿ ಹಾಕಿಕೊಂಡು ಕೂತರು. ಇಂಜಿನ್ ಓಡತೊಡಗಿತು. ಗ್ರಹಚಾರಕ್ಕೆ, ಅಂದೇ ಕೇರಿಯ ದೊಡ್ಡ ಒಗೆತದ ದಿನ. ಹಿತ್ತಲ ತುಂಬ ಹೆಂಗಸರು. ಸೌದೆ ಹಸಿ, ಹಂಡೆ ತಣ್ಣಗೆ. ಪಕ್ಕದ ಮನೆಯ ರೀಕೆಯ ಕಣ್ಣು ಆವಿಯಾಡುವ ತೊಟ್ಟಿಯ ಮೇಲೆ ಬಿತ್ತು.

"ಅಯ್ಯೋ, ಎಂಥಾ ಬಿಸಿನೀರು ದಂಡ ಆಗ್ತಿದೆ!" ಎನ್ನುತ್ತ ಬಕೆಟ್ ಅದ್ದಿಯೇಬಿಟ್ಟಳು.

"ಮುಟ್ಬೇಡ್ರಮ್ಮಾ! ನೀರಿಲ್ದೆ ಅದು ಸಾಯುತ್ತೆ!"

"ತಗೊಂಡಷ್ಟೂ ತುಂಬಿಸ್ತೀವಪ್ಪಾ. ನಾವೇನು ಕಳ್ರಾ?" ಎಂದು ಬಾವಿಯ ತಣ್ಣೀರು ಸುರಿದಳು.

ಆಮೇಲೆ ಬಕೆಟ್ಟುಗಳ ಸಾಲೇ ಶುರುವಾಯಿತು. ಬಿಸಿನೀರು ಹೊರಗೆ, ತಣ್ಣೀರು ಒಳಗೆ. ಕೊನೆಗೆ ಗಂಡನ ಅಂಗಿಗಳನ್ನು ಹೊತ್ತು ಪೌಲೀನಳೂ ಬಂದಳು. ಯಜಮಾನರ ಮುಂದೆ ಆಲ್ಬಾನನ ಮಾನ ಸಾಬೂನಿನ ನೊರೆಯಂತೆ ಹರಿದುಹೋಯಿತು.

ಆದರೆ ಇಗರ್ಜಿಯ ಸಂಜೆಯ ಗಂಟೆ ಬಾರಿಸಿತು. ಇಂಜಿನ್ ಇನ್ನೂ ಓಡುತ್ತಲೇ ಇತ್ತು! ಯಜಮಾನರು ತೊಟ್ಟಿಗೆ ಬೆರಳದ್ದಿ ನೋಡಿ ಮೀಸೆ ಸವರಿದರು.

"ಕೊಂಡ್ಕೋತೀರಾ ಸ್ವಾಮೀ?"

"ಇಂಜಿನ್ನು ನಮ್ಮ ಹತ್ರ ಇದಕ್ಕಿಂತ ಒಳ್ಳೇದೇ ಇದೆ ಮೇಸ್ತ್ರಿ. ಇಲ್ದೇ ಇದ್ದಿದ್ದು ಈ ಹೆಂಗಸ್ರು. ನೀರು ನಿಲ್ಬಾರ್ದು, ಓಡಾಡ್ಬೇಕು. ಇವರ ಬದಲು ಒಂದು ಪಂಪು ಕೂರಿಸಿದ್ರಾಯ್ತು!" ಹೆಂಗಸರಿಗೆ ಟೋಪಿ ಎತ್ತಿ ನಮಸ್ಕರಿಸಿ ನಡೆದೇಬಿಟ್ಟರು.

ಆಲ್ಬಾನ್ ತನ್ನ ಸಾಮಾನಿನ ಗಂಟು ಕಟ್ಟತೊಡಗಿದ.

"ಎಲ್ಲಿಗೆ?" ಪೌಲೀನ ಬಾಗಿಲಿಗೆ ಅಡ್ಡ ನಿಂತಳು. "ನಾಳೆ ಹಾಸಿಗೆ ಬಟ್ಟೆಗೆ ನೀರು ನಿಮ್ಮಪ್ಪ ಕಾಯಿಸ್ತಾನಾ? ಕೂತು ಊಟ ಮಾಡಿ. ಪೆಟ್ರೋಲು ಮಾತ್ರ ನಿಮ್ದೇ ಖರ್ಚು!"

ಅವಳು ಕೊಟ್ಟ ಆಲೂಗಡ್ಡೆ ಕೋಸಂಬರಿಯನ್ನು ಆಲ್ಬಾನ್ ತಟ್ಟೆ ನೆಕ್ಕಿ ತಿಂದ. ಮನೆ ಉಳಿದಿತ್ತು, ಹೊಟ್ಟೆ ತುಂಬಿತ್ತು.

ಮುಂದೆ ಕಾರು ಮಾಡುವವರೆಲ್ಲ ಇಂಜಿನ್ನಿನ ಸುತ್ತ ನೀರು ಓಡಾಡಿಸಿದರು. ಆ ಬುದ್ಧಿ ಇದೇ ಹಿತ್ತಲಿಂದ ಹೋಯಿತೋ, ಬೇರೆ ಯಾರಿಗಾದರೂ ಮೊದಲೇ ಹೊಳೆದಿತ್ತೋ, ಗೊತ್ತಿಲ್ಲ.