ಅತ್ತಿ ಸುಮ್ಮನಾದಾಗ

ಮಂಗಳವಾರ ಮಧ್ಯಾಹ್ನ ನಾಲ್ಕು ಹತ್ತಕ್ಕೆ ನಮ್ಮ ಸೋದರತ್ತಿ ಮಾತು ನಿಲ್ಲಿಸಿದಳು. ಇದರಲ್ಲಿ ಹೆದರುವಂಥದ್ದೇನು ಅನ್ನುತ್ತೀರಾ? ಅದೇ ನೋಡಿ ಫಜೀತಿ. ಸುಮ್ಮನೆ ಕೂಡ್ರುವುದನ್ನು ಕಲಿಸಿ ಸಂಬಳ ಪಡೆಯುವ ಹೆಂಗಸು ಈ ಭೂಮಿಯ ಮೇಲೆ ಆಕೆಯೊಬ್ಬಳೇ!

ಬ್ಯಾಡಗಿಯ ಮನೆಯಲ್ಲಿ ಕೂತು, ಲ್ಯಾಪ್‌ಟಾಪಿನೊಳಗಿಂದಲೇ ಕುಟುಂಬ ಆಪ್ತಸಮಾಲೋಚಕರನ್ನು ತಯಾರು ಮಾಡುವುದು ಅತ್ತಿಯ ಉದ್ಯೋಗ. ಹಾವೇರಿಯಿಂದ ಒಬ್ಬ ಹುಡುಗಿ, ಒಬ್ಬ ನಿವೃತ್ತ ಮಾಸ್ತರರು, ರಾಣೆಬೆನ್ನೂರಿನಿಂದ ನಾನು, ಇಷ್ಟೇ ಶಿಷ್ಯವರ್ಗ. ಜಗಳವಾಡಿ ಬಂದ ಮನೆಮಂದಿಯ ಜೊತೆ ನಾವು ಏನು ಮಾತಾಡಿದೆವೆಂದು ವಾರಕ್ಕೊಮ್ಮೆ ಒಪ್ಪಿಸಬೇಕು. ಮೆಣಸಿನಕಾಯಿ ಸುಗ್ಗಿಯಲ್ಲಿ ಅತ್ತಿಯ ಕಣ್ಣಲ್ಲಿ ಧಾರಾಕಾರ ನೀರು. ತನ್ನ ವರದಿಗೇ ಅತ್ತಿ ಕರಗಿದಳೆಂದು ತಿಳಿದು ಹುಡುಗಿಯೂ ಅತ್ತುಬಿಟ್ಟಳು. "ಘಾಟು ಅದವಾ, ನೀ ಮುಂದ ಹೇಳು" ಅಂದಳು ಅತ್ತಿ.

ಎದುರಿನವರು ಸುಮ್ಮನಾದರೆ ನಾವು ಬಾಯಿ ತೆರೆಯಬಾರದು ಎಂಬುದು ಆಕೆಯ ಮುಖ್ಯ ಪಾಠ. ಅದನ್ನು ರೂಢಿ ಮಾಡಿಸಲು ನಡುನಡುವೆ ತಾನೇ ಕಣ್ಣು ಮುಚ್ಚಿ ಕೂಡ್ರುವಳು. ಆಕೆಯ ಹಿಂದೆ ಕಿಟಕಿಯ ಪರದೆ ಉಸಿರಾಡಿದಂತೆ ಉಬ್ಬಿ ಇಳಿಯುತ್ತಿತ್ತು. ಮೂರೂರಿನ ಮಧ್ಯಾಹ್ನ ಒಂದೇ ಆಗಿ, ನಾವು ನಮ್ಮ ನಮ್ಮ ಚೌಕಗಳಲ್ಲಿ ತೇಲುತ್ತಿದ್ದೆವು. ಒಮ್ಮೆ ಮಾಸ್ತರರು ಗೊರಕೆಯನ್ನೇ ಹೊಡೆದರು. ಎಷ್ಟು ಆಳಕ್ಕೆ ಇಳಿದಿದ್ದಾರೆಂದು ಅತ್ತಿ ಹೊಗಳಿದಳು!

ಆ ಮಂಗಳವಾರವೂ ತೇಲಿದೆವು. ತೇಲುತ್ತಲೇ ನೋಡಿದೆ: ಅತ್ತಿಯ ಕೈಯಲ್ಲಿದ್ದ ಕಪ್ ನಿಧಾನಕ್ಕೆ ವಾಲಿತು. ಚಹಾ ಸೀರೆಯ ಮೇಲೆ ಹರಿಯಿತು. ಆಕೆ ಅಲುಗಲಿಲ್ಲ. ಹನಿ ಚಹಾ ಚೆಲ್ಲಿದರೆ ಓಣಿ ಒಂದು ಮಾಡುವ ನಮ್ಮ ಅತ್ತಿ!

"ಅತ್ತೀ!" ಅಂದೆ.

"ಮೌನ ಮುರೀಬ್ಯಾಡ್ರಿ" ಅಂದರು ಮಾಸ್ತರರು.

"ಇದು ಮೌನ ಅಲ್ರೀ ಸರ, ಸಕ್ಕರಿ ಇಳದೈತಿ!"

ಅತ್ತಿಗೆ ಸಕ್ಕರೆ ಕಾಯಿಲೆ. ಇಂಜೆಕ್ಷನ್ ತಗೊಂಡು ಊಟ ಮರೆತಿದ್ದಳೆಂದು ಆಮೇಲೆ ತಿಳಿಯಿತು. ಬಾಜೂಮನೆಯ ಕಾಕೂಗೆ ಫೋನ್ ಹಚ್ಚಿದೆ. ಕಾಕು ಹಿತ್ತಲಿಂದ ಓಡಿಬಂದು ಆಕೆಯ ಒಸಡಿಗೆ ಬೆಲ್ಲ ಸವರಿದ್ದು, ನಾಕು ಮಂದಿ ಹೊತ್ತು ಆಟೋಕ್ಕೆ ಒಯ್ದದ್ದು, ಎಲ್ಲವನ್ನೂ ಸ್ಕ್ರೀನಿನಲ್ಲೇ ನೋಡಿದೆವು. ಆಮೇಲೆ ಖಾಲಿ ಕುರ್ಚಿ. ಉಬ್ಬಿ ಇಳಿಯುವ ಪರದೆ.

ಅತ್ತಿ ಹುಷಾರಾಗಿ ಮನೆಗೆ ಬಂದಳು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಕಪ್ ವಾಲುತ್ತದೆ, ನಾವು ಶಿಸ್ತಾಗಿ ಕೂತೇ ಇರುತ್ತೇವೆ.

ಮತ್ತೆ ಪಾಠ ಶುರುವಾದ ದಿನ ಆಕೆ ಎಂದಿನಂತೆ ಕಣ್ಣು ಮುಚ್ಚಿದಳು. ನನ್ನ ಕೈ ಫೋನಿಗೆ ಹೋಯಿತು. ಆಗ ಕೇಳಿಸಿತು, ಮೇಜಿನ ಅಂಚಿಗೆ ಮೆಲ್ಲಗೆ ಬಳೆ ಬಡಿಯುವ ಸದ್ದು. ಟಿಣ್. ಟಿಣ್. ಮೌನಕ್ಕೆ ಯಾರೂ ಕೈ ಹಾಕಬಾರದೆಂದು ನಮ್ಮನ್ನು ಬೈದವಳು ತಾನೇ ಅದನ್ನು ಮುರಿಯುತ್ತಿದ್ದಳು.

"ಇಲ್ಲೇ ಅದೀನೋ ತಮ್ಮಾ" ಅಂದಳು, ಕಣ್ಣು ತೆರೆಯದೆಯೇ. "ನೀ ಉಸಿರು ಬಿಡು."

ಅವತ್ತು ಮಲಗಿದವನಿಗೆ ಎಚ್ಚರವಾದದ್ದು, ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದಾಗಲೇ.