ನೊಂದ ನಿವಾಸಿಯ ರಾಜೀನಾಮೆ

ಡಾಕ್ಟರು: ನರಿಯೊಳಗೂ ಇಲ್ಲ, ಚಕ್ರದೊಳಗೂ ಇಲ್ಲ! ಬೆಳಿಗ್ಗೆ ಕಳಿಸಿದ ಮೇಲ್ ಎಲ್ಲಿ ಹಾಳಾಗಿ ಹೋಯ್ತು?

ಹೆಂಡತಿ: ನನ್ನನ್ನೇನು ಕೇಳ್ತೀರಿ? ನಾನು ನರಿ ಬಾಯಿಗೆ ಕೈ ಹಾಕೋಳಲ್ಲ. ಬಾಯಿಗೆ ಕೈ ಹಾಕೋದು ನಿಮ್ಮ ಕಸುಬು.

ಅವರು ಹಲ್ಲಿನ ಡಾಕ್ಟರು. ಬಾಯಿ ತೆರೆದು ಕೂತವರ ಜೊತೆ ದಿನವಿಡೀ ತಾವೊಬ್ಬರೇ ಮಾತಾಡಿ ಅಭ್ಯಾಸ. ಹೆಂಡತಿಗೆ ಲೈಬ್ರರಿಯಲ್ಲಿ ಕೆಲಸ. ಅಲ್ಲಿ ದಿನವಿಡೀ ಬಾಯಿ ಮುಚ್ಚಿಕೊಂಡಿದ್ದು, ಉಳಿದ ಮಾತನ್ನೆಲ್ಲ ಮನೆಗೆ ಹೊತ್ತು ತರುತ್ತಿದ್ದಳು. ಮನೆಗೊಂದೇ ಕಂಪ್ಯೂಟರು, ಅದರಲ್ಲಿ ಮೂರು ಬ್ರೌಸರು. ಬಣ್ಣದ ಚಕ್ರದ ಗುರುತಿನದರಲ್ಲಿ ಕ್ಲಿನಿಕ್ಕಿನ ಮೇಲ್. ನರಿಯ ಗುರುತಿನದರಲ್ಲಿ ಅಪಾರ್ಟ್‌ಮೆಂಟ್ ಸಂಘದ ಮೇಲ್, ಏಕೆಂದರೆ ಡಾಕ್ಟರು ಅದರ ಕಾರ್ಯದರ್ಶಿ. ದಿಕ್ಸೂಚಿಯ ಗುರುತಿನದು ಹೆಂಡತಿಗೆ. ಈ ಗಡಿಗಳನ್ನು ಎಳೆದವರು ಡಾಕ್ಟರೇ. ದಾಟುವವರೂ ಅವರೇ.

ಹೆಂಡತಿ: ಅಂಥಾದ್ದೇನಿತ್ತು ಆ ಮೇಲ್‌ನಲ್ಲಿ?

ಡಾಕ್ಟರು: ನನ್ನ ರಾಜೀನಾಮೆ!

ಹೆಂಡತಿ: ಕ್ಲಿನಿಕ್ಕಿಗಾ?

ಡಾಕ್ಟರು: ಸ್ವಂತ ಕ್ಲಿನಿಕ್ಕಿಗೆ ಯಾರಾದ್ರೂ ರಾಜೀನಾಮೆ ಕೊಡ್ತಾರೇನೇ? ಸಂಘಕ್ಕೆ! ಆ ಪುಣ್ಯಾತ್ಮ ಇದಾನಲ್ಲ, 'ನೊಂದ ನಿವಾಸಿ', ಅವನ ದೆಸೆಯಿಂದ. ಹೆಸರಿಲ್ಲ, ಮನೆ ನಂಬರಿಲ್ಲ. ಲಿಫ್ಟ್ ಕಿರುಗುಡುತ್ತೆ ಅಂತ ಒಂದು ಮೇಲ್. ಮೆಟ್ಟಿಲ ಬಲ್ಬ್ ಉರಿಯಲ್ಲ ಅಂತ ಇನ್ನೊಂದು. ಅದೂ ಎಲ್ಲಾ ಮನೆಯವರಿಗೂ ಪ್ರತಿ! ಜೀವ ಹಿಂಡಿಬಿಟ್ಟ.

ಹೆಂಡತಿ: ಲಿಫ್ಟ್ ಕಿರುಗುಡೋದು ನಿಜ ತಾನೇ?

ಡಾಕ್ಟರು: ಕಿರುಗುಡ್ತಿತ್ತು. ಎಣ್ಣೆ ಹಾಕಿಸ್ದೆ. ಬಲ್ಬೂ ಹಾಕಿಸ್ದೆ. 'ಮಾನ್ಯರೇ, ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು' ಅಂತ ಉತ್ತರಾನೂ ಬರೆದೆ. ಆದ್ರೂ ಬಿಡ್ಲಿಲ್ಲ. ಸಾಕಪ್ಪ ಅಂತ ರಾಜೀನಾಮೆ ಕಳಿಸಿದ್ರೆ, 'ಅಯ್ಯೋ ಬೇಡಿ ಡಾಕ್ಟ್ರೇ' ಅಂತ ಒಬ್ಬರಾದ್ರೂ ಫೋನ್ ಮಾಡ್ಬೇಡ್ವಾ? ಅದಕ್ಕೇ, ಹೋಗಿದೆಯೋ ಇಲ್ಲವೋ ಅಂತ ಹುಡುಕ್ತಿರೋದು.

ಹೆಂಡತಿ: ನರಿಯಿಂದಲೇ ಕಳಿಸಿದ್ರಾ?

ಡಾಕ್ಟರು: ನರಿ ಅಪ್‌ಡೇಟ್ ಆಗ್ತಾ ಕೂತಿತ್ತು. ಪಕ್ಕದಲ್ಲೇ ಇನ್ನೊಂದು ಕಿಟಕಿ ತೆರೆದಿತ್ತು, ಅದರಲ್ಲೂ ನಮ್ಮ ಸಂಘದ ಸುತ್ತೋಲೆನೇ ಕಾಣ್ತಿತ್ತು. 'ಎಲ್ಲರಿಗೂ ಉತ್ತರ' ಒತ್ತಿದೆ, ಬರೆದೆ, ಕಳಿಸ್ದೆ.

ಹೆಂಡತಿ: ಯಾವ ಕಿಟಕಿ?

ಡಾಕ್ಟರು: ಇದೇ, ಈ ದಿಕ್ಸೂಚಿ...

ಹೆಂಡತಿ: ರೀ! ಅದು ನನ್ನದು, ಮುಟ್ಬೇಡಿ!

ಇಸ್ತ್ರಿ ಪೆಟ್ಟಿಗೆ ಬಿಟ್ಟು ಅವಳು ಓಡಿ ಬರುವಷ್ಟರಲ್ಲಿ ಡಾಕ್ಟರು ಒತ್ತಿಯಾಗಿತ್ತು.

ಡಾಕ್ಟರು: ಇದೇನೇ ಇದು! ನಾನು ಆ ಪುಣ್ಯಾತ್ಮನಿಗೆ ಬರೆದ ಉತ್ತರಗಳೆಲ್ಲ ಇಲ್ಲಿಗೆ ಬಂದು ಬಿದ್ದಿವೆ!

ಹೆಂಡತಿ: ಬಿದ್ದಿರ್ತವೆ ಬಿಡಿ. ಇಂಟರ್ನೆಟ್ ಅಲ್ವಾ, ಅಲ್ಲಿಂದಿಲ್ಲಿಗೆ ಸೋರುತ್ತೆ.

ಡಾಕ್ಟರು: ಮೇಲ್ ಏನು ನಲ್ಲಿನೇನೇ ಸೋರೋದಕ್ಕೆ? ಹ್ಯಾಕ್ ಆಗಿದೆ! ಆ ಪ್ರಾಣಿ ನಮ್ಮ ಕಂಪ್ಯೂಟರೊಳಗೇ ಬಿಡಾರ ಹೂಡಿದೆ. ಈಗಲೇ ಪೊಲೀಸರಿಗೆ ಹೇಳ್ತೀನಿ.

ಹೆಂಡತಿ: ಪೊಲೀಸರ್ಯಾಕೆ? ಪಾಪ, ಯಾರೋ ಹೆಂಗಸಿರಬಹುದು.

ಡಾಕ್ಟರು: ಹೆಂಗಸು ಅಂತ ನಿನಗೆ ಹೇಗೆ ಗೊತ್ತು?

ಹೆಂಡತಿ: ಬರೆಯೋ ಶೈಲಿ ಚೆನ್ನಾಗಿದೆ.

ಡಾಕ್ಟರು: ತಡಿ ತಡಿ, ಅರ್ಧ ಬರೆದಿಟ್ಟದ್ದೊಂದು ಇದೆ. 'ಮಾನ್ಯ ಕಾರ್ಯದರ್ಶಿಗಳು ತಮ್ಮ ಮನೆಯ ಬಚ್ಚಲ ಚಿಲಕವನ್ನೇ ಸರಿಪಡಿಸದೆ, ಅವರ ಪತ್ನಿಯು ಬಾಗಿಲಿಗೆ ಬಕೆಟ್ ಅಡ್ಡವಿಟ್ಟು ಸ್ನಾನ ಮಾಡುವಂತಾಗಿರುವುದು ವಿಷಾದನೀಯ.' ಅಲ್ಲ ಕಣೇ, ನಮ್ಮ ಬಕೆಟ್ ವಿಷಯ ಇವನಿಗೆ ಯಾರು ಹೇಳಿದ್ದು?

ಕೇಳಿದ ಮೇಲೆ ಡಾಕ್ಟರಿಗೇ ಏನೋ ಹೊಳೆದಂತಾಯಿತು. ಮೆಲ್ಲಗೆ ತಿರುಗಿ ನೋಡಿದರು. ಹೆಂಡತಿ ಆಗಲೇ ಇಸ್ತ್ರಿಯಾಗಿದ್ದ ಅಂಗಿಗೆ ಇನ್ನೊಮ್ಮೆ ಇಸ್ತ್ರಿ ಹಾಕುತ್ತಿದ್ದಳು.

ಡಾಕ್ಟರು: ನೀನಾ?

ಹೆಂಡತಿ: ನಾನೇ. ಏನೀಗ? ಊಟಕ್ಕೆ ಕೂತಾಗೆಲ್ಲ ಲಿಫ್ಟ್ ಲಿಫ್ಟ್ ಅಂತ ಬಡಕೊಂಡೆ. 'ಹೂಂ' ಅಂದ್ರಿ. ಬಲ್ಬ್ ಅಂದೆ, 'ಹೂಂ'. ಹೋಗ್ಲಿ ಅಂತ ಹೆಸರಿಲ್ಲದೆ ಒಂದು ಮೇಲ್ ಹಾಕಿದ್ರೆ, ಮಧ್ಯಾಹ್ನದೊಳಗೆ 'ಮಾನ್ಯರೇ' ಅಂತ ಉತ್ತರ! ಮದುವೆಯಾದ ಮೇಲೆ ನೀವು ನನಗೆ ಧನ್ಯವಾದ ಹೇಳಿದ್ದು ಅದೇ ಮೊದಲು ರೀ. ರುಚಿ ಹತ್ತಿಬಿಡ್ತು.

ಡಾಕ್ಟರು ಬಾಯಿ ತೆರೆದರು. ತೆರೆದ ಬಾಯಿಂದ ಮಾತು ಹೊರಡಿಸುವುದು ಎಷ್ಟು ಕಷ್ಟವೆಂದು ಅವರಿಗೆ ಅಂದು ಗೊತ್ತಾಯಿತು. ಅಷ್ಟರಲ್ಲಿ ಫೋನು. ಮೇಲಿನ ಮಹಡಿಯ, ಸಂಘದ ಅಧ್ಯಕ್ಷೆ. ಆಕೆಯ ದನಿಗೆ ಸ್ಪೀಕರಿನ ಅಗತ್ಯವೇ ಇರಲಿಲ್ಲ.

ಅಧ್ಯಕ್ಷೆ: ಡಾಕ್ಟ್ರೇ, ಕೆಲಸ ಕೆಟ್ಟಿತು! ನೊಂದ ನಿವಾಸಿ ರಾಜೀನಾಮೆ ಕೊಟ್ಟಿದಾರೆ!

ಡಾಕ್ಟರು: ಯಾರು?

ಅಧ್ಯಕ್ಷೆ: ನೊಂದ ನಿವಾಸಿ! 'ಎಷ್ಟು ದುಡಿದರೂ ಬೆಲೆಯಿಲ್ಲದ ಕಡೆ ನಾನಿನ್ನು ಇರಲಾರೆ' ಅಂತ ಬರೆದಿದಾರೆ. ಓದಿ ನನಗೆ ಕಣ್ಣಲ್ಲಿ ನೀರು ಬಂತು.

ಡಾಕ್ಟರು: (ಒಂದಿಷ್ಟು ಉಬ್ಬಿ) ಹೌದಾ? ಅಷ್ಟು ಚೆನ್ನಾಗಿತ್ತಾ?

ಅಧ್ಯಕ್ಷೆ: ಬೆಳಗಿಂದ ಎಲ್ಲಾ ಮನೆಯವರೂ ನನಗೆ ಫೋನ್ ಮೇಲೆ ಫೋನ್. ಅವರು ಯಾರು ಅಂತ ಪತ್ತೆ ಹಚ್ಚಿ, ಕೈಕಾಲು ಹಿಡಿದಾದ್ರೂ ನಿಲ್ಲಿಸ್ಕೊಳ್ಳಿ. ಅವರಿಲ್ಲದಿದ್ರೆ ನಿಮ್ಮ ಕೈಲಿ ಕೆಲಸ ಮಾಡಿಸೋರು ಯಾರಿದಾರೆ ಹೇಳಿ?

ಫೋನು ಕಟ್ಟಾಯಿತು. ಉಬ್ಬಿದ್ದ ಡಾಕ್ಟರು ಗಾಳಿ ಹೋದ ಚಕ್ರದಂತೆ ಕುರ್ಚಿಗೆ ಕುಸಿದರು.

ಡಾಕ್ಟರು: ಕೆಳಗೆ ಹೆಸರು ತಾನಾಗೇ ಬರುತ್ತೆ ಅಂತ ನಾನು ಹಾಕ್ಲೇ ಇಲ್ಲ.

ಹೆಂಡತಿ: ಬಂತಲ್ಲ ತಾನಾಗೇ. 'ಇಂತಿ, ನೊಂದ ನಿವಾಸಿ.'

ಡಾಕ್ಟರು: ಇನ್ನೊಂದು ಮೇಲ್ ಹಾಕಿಬಿಡೇ, ಎಲ್ಲೂ ಹೋಗಲ್ಲ ಅಂತ.

ಹೆಂಡತಿ: ಯಾಕೆ ಹಾಕ್ಲಿ? ನಾನು ಇರ್ಬೇಕು ಅಂತ ಈ ಮನೇಲಿ ಯಾರೂ ಕೇಳ್ಕೊಂಡಿಲ್ಲ.

ಡಾಕ್ಟರು: ಈಗ ಕೇಳ್ಕೊಳ್ತಿದೀನಲ್ಲ. ನೀನಿಲ್ದೆ ಆಗಲ್ಲ ಕಣೇ.

ಹೆಂಡತಿ: ಇದನ್ನ ಹೇಳ್ತಿರೋದು ಯಾರು? ಕಾರ್ಯದರ್ಶಿಗಳಾ, ಡಾಕ್ಟರಾ, ನನ್ನ ಗಂಡನಾ?

ಡಾಕ್ಟರು: ಮೂರೂ ಜನ. ಒಟ್ಟಿಗೇ ಲಾಗಿನ್ ಆಗಿದೀವಿ.

ಹೆಂಡತಿ: (ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು) ಹಾಗಾದ್ರೆ ಮೊದಲು ಆ ಇಬ್ಬರನ್ನ ಲಾಗೌಟ್ ಮಾಡಿ. ನಂಗೆ ನನ್ನ ಗಂಡನ ಹತ್ರ ಸ್ವಲ್ಪ ಮಾತಾಡೋದಿದೆ.